ಬಾಟಲಿ ಎಸೆಯೋ ದಾನಿಗಳು

ಜೈಸಲ್ಮೇರ್‌ನಿಂದ ಪೋಖ್ರಾನ್‌ಗೆ ಸುಮಾರು 110 ಕಿಲೋಮೀಟರ್. ಬಡ ಮಕ್ಕಳ ಚಿಕಿತ್ಸೆಗೆ ದುಡ್ಡು ಕೂಡಿಸೋಕೆ ನಮ್ಮ ಮೈಸೂರಿನ ಗುಂಪು ಸೈಕಲ್ ತುಳಿಯಿತು. ಎದುರು ಗಾಳಿ, ಕಣ್ಣಿಗೆ ಮರಳು, ಟೈರಿಗೆ ಜಾಲಿ ಮುಳ್ಳು. ಮರುಭೂಮಿ ಅಂದ್ಮೇಲೆ ಅದೆಲ್ಲ ಇರೋದೇ.

ಹೊಟ್ಟೆ ಉರಿದದ್ದು ನಮ್ಮವರನ್ನು ನೋಡಿ. ಎರಡು ಗುಟುಕು ಕುಡಿದು, ನೀರು ಬಿಸಿಯಾಗಿದೆ ಅಂತ ಬಾಟಲಿಯನ್ನೇ ರಸ್ತೆ ಬದಿಗೆ ಎಸೆಯೋದು! ಖೇಜ್ರಿ ಮರದ ಕೆಳಗೆ ಒಂದು ಮೇಕೆ ಗ್ಲೂಕೋಸ್ ಪ್ಯಾಕೆಟ್ ಅಗಿಯುತ್ತಾ ನಿಂತಿತ್ತು. ಬಿಡಿಸೋಕೆ ಹೋದರೆ ಓಡಿಹೋಯಿತು. ಹೆಂಗಸರು ಕೊಡ ಹೊತ್ತು ನೀರು ತರುವ ಸೀಮೆ ಸ್ವಾಮಿ ಅದು.

2015, 2016ರಲ್ಲಿ ದೇಶದ ಸ್ವಚ್ಛ ನಗರಗಳಲ್ಲಿ ಮೊದಲ ಸ್ಥಾನ ಪಡೆದ ಊರಿನವರು ನಾವು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಯಾರಾದರೂ ಕವರ್ ಎಸೆದರೆ ಜಗಳಕ್ಕೇ ನಿಲ್ಲುತ್ತೇವೆ. ಬೇರೆಯವರ ಊರಾದರೆ ಪರವಾಗಿಲ್ವಾ? ಖಾಲಿ ಬಾಟಲಿ ಏನು ಮಹಾ ಭಾರ? ಹಿಂದೆ ನಮ್ಮದೇ ವ್ಯಾನ್ ಬೇರೆ ಬರ್ತಾ ಇತ್ತು!