280 ಎಂಬ ಸುಳ್ಳು, 250 ಎಂಬ ಗೆರೆ

ಜಪಾನಿನ ಸ್ಪೋರ್ಟ್ಸ್ ಕಾರು ಮೇಲೋ ಜರ್ಮನಿಯದು ಮೇಲೋ ಅನ್ನೋ ಜಗಳ ಶುರುವಾದರೆ ಒಬ್ಬರು ‘ಸುಪ್ರಾ ಇಂಜಿನ್ ಸಾಯೋದೇ ಇಲ್ಲ’ ಅಂತಾರೆ, ಇನ್ನೊಬ್ಬರು ‘ಪೋರ್ಶೆ ಸ್ಟೀರಿಂಗ್ ಹಿಡಿದು ಆಮೇಲೆ ಮಾತಾಡಿ’ ಅಂತಾರೆ. ಹಿಂದೆಯೇ ಜಪಾನೀಯರ ಶಿಸ್ತು, ಜರ್ಮನ್ನರ ನಿಖರತೆ ಅಂತ ಸವಕಲು ಮಾತು. ಈ ಕಾರುಗಳ ಸ್ವಭಾವವನ್ನು ಜನರ ಗುಣದಲ್ಲಿ ಹುಡುಕೋದು ದಂಡ ಅಂತ ನನ್ನ ಅಭಿಪ್ರಾಯ. ಎರಡೂ ದೇಶಗಳಲ್ಲಿ ಕಂಪನಿಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಂದೊಂದು ಬಾಯಿಮಾತಿನ ಒಪ್ಪಂದ, ಅಲ್ಲಿನ ರಸ್ತೆ, ಅಲ್ಲಿನ ತೆರಿಗೆ. ಇಷ್ಟು ಗೊತ್ತಿದ್ದರೆ ಬಾನೆಟ್ ಎತ್ತುವ ಮುಂಚೆಯೇ ಅರ್ಧ ಕಥೆ ಬಿಚ್ಚಿಕೊಳ್ಳುತ್ತದೆ.

ಜಪಾನಿನ ಒಪ್ಪಂದ ಶಕ್ತಿಯ ಬಗ್ಗೆ. 1989ರ ಹೊತ್ತಿಗೆ, ಯಾವ ಕಾರಿಗೂ 280 ಪಿಎಸ್‌ಗಿಂತ (ಪಿಎಸ್ ಅಂದರೆ ಅಶ್ವಶಕ್ತಿಯ ಲೆಕ್ಕ) ಹೆಚ್ಚು ತೋರಿಸಬಾರದು ಅಂತ ಅಲ್ಲಿನ ಕಂಪನಿಗಳು ಒಪ್ಪಿಕೊಂಡವು. 2004ರಲ್ಲಿ 300 ಪಿಎಸ್‌ನ ಹೋಂಡಾ ಲೆಜೆಂಡ್ ಬರುವ ತನಕ ಇದು ನಡೆಯಿತು. ಜೊತೆಗೆ ಗಂಟೆಗೆ 180 ಕಿ.ಮೀ. ದಾಟದಂತೆ ಕಡಿವಾಣ, ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಆಗ ಮಿತಿಯೇ 100. ಕಾಗದದ ಮೇಲೆ ಎಲ್ಲರೂ 280 ಅಂತ ಬರೆಯಬೇಕಾದಾಗ ಪೈಪೋಟಿ ಎಲ್ಲಿಗೆ ಹೋಗುತ್ತದೆ? ಕಾಗದದ ಕೆಳಗೆ. ಒಬ್ಬ ಚಾಪೆ ಕೆಳಗೆ ನುಸುಳಿದರೆ ಇನ್ನೊಬ್ಬ ರಂಗೋಲಿ ಕೆಳಗೆ.

1993ರ ಟೊಯೋಟಾ ಸುಪ್ರಾದ ಇಂಜಿನ್ 2ಜೆಜೆಡ್-ಜಿಟಿಇ ನೋಡಿ. 2997 ಸಿಸಿ, ಸಾಲಾಗಿ ಆರು ಸಿಲಿಂಡರ್, ಬೋರೂ (ಸಿಲಿಂಡರಿನ ಅಗಲ) ಸ್ಟ್ರೋಕೂ (ಪಿಸ್ಟನ್ ಓಡುವ ದೂರ) ಎರಡೂ 86 ಮಿ.ಮೀ. ಬ್ಲಾಕು ಎರಕದ ಕಬ್ಬಿಣ. ಏಳು ಮೇನ್ ಬೇರಿಂಗ್, ಫೋರ್ಜ್ ಮಾಡಿದ ಕ್ರ್ಯಾಂಕ್, ಪ್ರತಿ ಪಿಸ್ಟನ್ನಿನ ತಳಕ್ಕೂ ಆಯಿಲ್ ಚಿಮ್ಮಿಸಿ ತಣ್ಣಗಿಡುವ ನಳಿಕೆ. 280 ಪಿಎಸ್ ತೆಗೆಯಲು ಇಷ್ಟೆಲ್ಲ ಬೇಕಿರಲಿಲ್ಲ. ಬೇರೆ ಟರ್ಬೊ, ಬೇರೆ ಇಂಜೆಕ್ಟರ್ ಹಾಕಿ ಅಮೆರಿಕಕ್ಕೆ ಕಳಿಸಿದಾಗ ಇದೇ ಇಂಜಿನ್ 320 ಆಯಿತು. ಹೊರಗಿನ ಟರ್ಬೊ, ಪೆಟ್ರೋಲ್ ಪಂಪು, ಇಂಜೆಕ್ಟರ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬದಲಾಯಿಸಿ, ಒಳಗಿನ ಪಿಸ್ಟನ್-ರಾಡು ಮುಟ್ಟದೆ 600ರ ಆಸುಪಾಸು ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ಬಿಡದಿಯಿಂದ ಬಂದ ಕ್ವಾಲಿಸ್ಸನ್ನು ಲಕ್ಷಗಟ್ಟಲೆ ಕಿಲೋಮೀಟರ್ ಉಜ್ಜಿದ ನಮ್ಮ ಟ್ಯಾಕ್ಸಿಯವರಿಗೆ ಈ ಕಂಪನಿಯ ಕೈಗುಣ ಹೊಸದಾಗಿ ಹೇಳಬೇಕಿಲ್ಲ.

ಅಂದರೆ ಆ ಕಾಲದ ಜಪಾನಿನ ಕಾರು ಮಾಲೀಕನಿಗೆ ಜಾಗ ಬಿಟ್ಟು ಕೊಡುತ್ತದೆ, ಬೆಳೆಯೋ ಹುಡುಗನಿಗೆ ಒಂದು ಸೈಜು ದೊಡ್ಡ ಅಂಗಿ ಹೊಲಿಸಿದ ಹಾಗೆ.

ಅದರಲ್ಲೂ ಒಂದು ಮೋಸ ಇದೆ. ಜಾಗ ಬಿಟ್ಟಿರುವುದು ಬ್ಲಾಕಿನಲ್ಲಿ, ಎಲ್ಲ ಕಡೆಯೂ ಅಲ್ಲ. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಇಂಜಿನ್ ಆರ್‌ಬಿ26 ಇದಕ್ಕೆ ಒಳ್ಳೆಯ ಉದಾಹರಣೆ. 2568 ಸಿಸಿ ಅನ್ನೋ ವಿಚಿತ್ರ ಲೆಕ್ಕ ಬಂದಿದ್ದೇ ಗ್ರೂಪ್ ಎ ರೇಸಿನ ನಿಯಮದಿಂದ: ಟರ್ಬೊ ಇದ್ದರೆ ಸಿಸಿಯನ್ನು 1.7ರಿಂದ ಗುಣಿಸಬೇಕು, ಆಗ 4366 ಆಗಿ 4500ರ ವರ್ಗದೊಳಗೆ ಕೂರುತ್ತದೆ. ಇದಕ್ಕೂ ಕಬ್ಬಿಣದ ಬ್ಲಾಕೇ, ಗಟ್ಟಿ. ಆದರೆ ಟರ್ಬೊದ ಟರ್ಬೈನ್ ಚಕ್ರ ಸೆರಾಮಿಕ್‌ದು. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಒಂದು ಬಾರ್ ದಾಟಿಸಿದರೆ ಚಕ್ರ ದಂಡದಿಂದ ಕಳಚಿಕೊಂಡು ಹೋಗುತ್ತದೆ. ಈ ಇಂಜಿನ್ ಮೊದಲು ಬಂದ ಜಿಟಿ-ಆರ್ ತಲೆಮಾರು ಆರ್32. ಅದರ ಮೊದಲ ವರ್ಷಗಳ ಕಾರುಗಳಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಕ್ರ್ಯಾಂಕಿನ ಮೂತಿ ಗಿಡ್ಡ. ಪಂಪಿನ ಗೇರಿನ ಸ್ವಲ್ಪ ಅಗಲಕ್ಕೆ ಮಾತ್ರ ಹಿಡಿತ. ರೆವ್ ಲಿಮಿಟರ್‌ಗೆ (ಇಂಜಿನ್ ಮಿತಿಮೀರಿ ಸುತ್ತದಂತೆ ಹಾಕಿದ ತಡೆ) ಪದೇ ಪದೇ ಬಡಿಸಿದರೆ ಗೇರು ಸೀಳುತ್ತದೆ, ಆಯಿಲ್ ಪ್ರೆಷರ್ ಸೊನ್ನೆಗೆ ಬರುತ್ತದೆ, ಮುಂದೆ ಇಂಜಿನ್ನೇ ಹೋಗುತ್ತದೆ. ಇದಕ್ಕೆ ಮದ್ದು ಕ್ರ್ಯಾಂಕಿಗೆ ಅಗಲದ ಕಾಲರ್ ಕೂರಿಸುವುದು, ಅದಕ್ಕೆ ಕ್ರ್ಯಾಂಕ್ ಹೊರಗೆ ಬರಬೇಕು. ಬ್ರೇಕೂ ಅಷ್ಟೇ: ಬ್ರೆಂಬೊ ಬ್ರೇಕು ಬಂದಿದ್ದು 1993ರ ವಿ-ಸ್ಪೆಕ್‌ನಲ್ಲಿ. ಹಾಗಾಗಿ ಇಂಥ ಕಾರಿಗೆ ಕೈ ಹಾಕುವವರು ಕ್ರಮ ತಪ್ಪಬಾರದು. ಮೊದಲು ಆಯಿಲ್ ಮತ್ತು ಕೂಲಿಂಗ್, ಆಮೇಲೆ ಬ್ರೇಕು, ಆಮೇಲೆ ಪೆಟ್ರೋಲ್ ಪಂಪು-ಇಂಜೆಕ್ಟರ್, ಬೂಸ್ಟ್ ಕೊನೆಗೆ. ಬಹಳ ಜನ ಬೂಸ್ಟಿನಿಂದಲೇ ಶುರು ಮಾಡುತ್ತಾರೆ. ಗಾಳಿ ಹೆಚ್ಚು, ಪೆಟ್ರೋಲು ಸಾಲದು, ಇಂಜಿನ್ ನಾಕ್ ಹೊಡೆಯುತ್ತದೆ, ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತದೆ. ಆಮೇಲೆ ‘ಗಟ್ಟಿ ಇಂಜಿನ್ ಅಂದ್ರಲ್ಲ’ ಅಂತ ದೂರು.

ಜರ್ಮನಿಯ ಒಪ್ಪಂದ ವೇಗದ ಬಗ್ಗೆ. ಎಂಬತ್ತರ ದಶಕದ ಕೊನೆಯಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿ ಸೇರಿ ತಮ್ಮ ಕಾರುಗಳಿಗೆ 250 ಕಿ.ಮೀ. ಗೆರೆ ಹಾಕಿಕೊಂಡವು, ಪೋರ್ಶೆ ಈ ಗುಂಪಿಗೆ ಸೇರಲಿಲ್ಲ. ಶಕ್ತಿಗೆ ಗೆರೆ ಇಲ್ಲ. ಅಲ್ಲಿನ ಆಟೊಬಾನ್‌ನ ಬಹುಭಾಗಕ್ಕೆ ಕಾನೂನಿನ ವೇಗಮಿತಿಯೂ ಇಲ್ಲ, 130 ಅನ್ನುವುದು ಸಲಹೆ ಅಷ್ಟೇ. ಅಂದರೆ ಅಲ್ಲಿನ ಗಿರಾಕಿ ನಿಜವಾಗಿಯೂ 220-230ರಲ್ಲಿ ಅರ್ಧ ಗಂಟೆ ಕಾಲು ಎತ್ತದೆ ಓಡಿಸುತ್ತಾನೆ, ಮುಂದೆ ಲಾರಿ ಅಡ್ಡ ಬಂದರೆ ಅಷ್ಟು ವೇಗದಿಂದ 90ಕ್ಕೆ ಒಂದೇ ಸಲ ಇಳಿಸುತ್ತಾನೆ. ಆಯಿಲ್ ಕುದಿಯಬಾರದು, ಬ್ರೇಕ್ ಸೋಲಬಾರದು, ಸ್ಟೀರಿಂಗ್ ನೆಟ್ಟಗೆ ನಿಲ್ಲಬೇಕು. ಜರ್ಮನ್ ಕಾರಿನ ಸ್ಟೀರಿಂಗ್ ನಡುವಿನಲ್ಲಿ ಭಾರ ಅನ್ನಿಸುವುದು, ಬ್ರೇಕು ಕಾರಿಗಿಂತ ಒಂದು ಅಳತೆ ದೊಡ್ಡದಿರುವುದು, ಗೇರುಗಳು ಉದ್ದುದ್ದ ಎಳೆಯುವುದು, ಎಲ್ಲ ಇದರಿಂದಲೇ. ಜಪಾನಿನ ಬೆಟ್ಟದ ತಿರುವುಗಳಲ್ಲಿ ಇದರ ಮುಕ್ಕಾಲು ಪಾಲು ವ್ಯರ್ಥ. ಅಲ್ಲಿ 940 ಕಿಲೋ ಚಿಲ್ಲರೆ ತೂಕದ 1989ರ ಮಾಜ್ದಾ ಮಿಯಾಟಾ ಸಾಕು. ಗೇರ್‌ಬಾಕ್ಸಿಗೂ ಹಿಂದಿನ ಡಿಫರೆನ್ಷಿಯಲ್ಲಿಗೂ ನಡುವೆ ಉದ್ದನೆಯ ಒಂದು ಅಲ್ಯೂಮಿನಿಯಂ ಚೌಕಟ್ಟು ಕಟ್ಟಿದ್ದಾರೆ ನೋಡಿ, ಆಕ್ಸಿಲರೇಟರ್ ಒತ್ತಿದ ಕ್ಷಣ ಹಿಂದಿನ ಚಕ್ರ ಮಾತಾಡುತ್ತದೆ.

ಜರ್ಮನ್ ಅಳತೆಗಾರಿಕೆಯ ಒಳಗೂ ಹೊರಗೂ ಕಾಣಬೇಕಾದರೆ ಬಿಎಂಡಬ್ಲ್ಯುವಿನ ಇ46 ಎಂ3 ಸಾಕು. ಎಸ್54 ಇಂಜಿನ್, 3246 ಸಿಸಿ, ಟರ್ಬೊ ಇಲ್ಲದೆ 343 ಪಿಎಸ್, 8000 ಆರ್‌ಪಿಎಂ. ಸ್ಟ್ರೋಕು 91 ಮಿ.ಮೀ., ಅಂದರೆ 8000ದಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್ ದಾಟುತ್ತದೆ. ಇಲ್ಲಿ ಅಂಗಿ ಮೈಗೆ ಸರಿಯಾಗಿ ಹೊಲಿದದ್ದು, ಒಂದು ಇಂಚೂ ಸಡಿಲ ಇಲ್ಲ. ಅದಕ್ಕೇ ಆಯಿಲ್ 10ಡಬ್ಲ್ಯು-60, ದಪ್ಪನೆಯದು. ತಣ್ಣಗಿರುವಾಗ ಅದು ಬೇರಿಂಗಿನ ಸಂದಿಗೆ ಬೇಗ ಹರಿಯುವುದಿಲ್ಲ. ಬೆಳಗ್ಗೆ ಕೀಲಿ ತಿರುಗಿಸಿದರೆ ಟ್ಯಾಕೋಮೀಟರಿನ ಅಂಚಿನಲ್ಲಿ ಹಳದಿ ದೀಪಗಳ ಸಾಲು ಹತ್ತಿರುತ್ತದೆ: ಇಷ್ಟರ ಮೇಲೆ ಎಳೆಯಬೇಡ ಅಂತ. ಆಯಿಲ್ ಬಿಸಿಯಾದ ಹಾಗೆ ದೀಪ ಒಂದೊಂದಾಗಿ ಆರುತ್ತಾ ಗೆರೆ ಮೇಲೆ ಸರಿಯುತ್ತದೆ. ಅವು ಶೋಕಿಗೆ ಇಟ್ಟ ದೀಪಗಳಲ್ಲ. ಅದನ್ನು ಲೆಕ್ಕಿಸದೆ ತುಳಿದ ಕಾರಿನ ರಾಡ್ ಬೇರಿಂಗ್ ತಾಮ್ರ ಕಾಣುವಷ್ಟು ಸವೆಯುತ್ತದೆ. ಮೊದಲ ವರ್ಷಗಳ ಎಸ್54ಗಳನ್ನು ಬಿಎಂಡಬ್ಲ್ಯು ತಾನೇ ವಾಪಸ್ ಕರೆಸಿ ಬೇರಿಂಗ್ ಬದಲಾಯಿಸಿತ್ತು ಅನ್ನುವುದನ್ನೂ ಸೇರಿಸಿ ಹೇಳಬೇಕು. ತಪ್ಪೆಲ್ಲ ಓಡಿಸುವವನದೇ ಅಲ್ಲ. ಅದೇ ಕಾರಿನ ಹಿಂಬದಿ ಸಬ್‌ಫ್ರೇಮ್ ಕೂರುವ ನಾಲ್ಕು ಕಡೆ ತಗಡು ಬಿರಿಯುತ್ತದೆ. ಕಾರನ್ನು ಎತ್ತಿ, ಕೆಸರು ತೊಳೆದು, ಟಾರ್ಚ್ ಹಿಡಿದು ಸ್ಪಾಟ್ ವೆಲ್ಡುಗಳ ಸುತ್ತ ಕೂದಲೆಳೆಯಂಥ ಗೆರೆ ಇದೆಯಾ ನೋಡಬೇಕು. ಇದ್ದರೆ ಪ್ಲೇಟ್ ಇಟ್ಟು ವೆಲ್ಡ್ ಮಾಡಿಸುವುದು ಬಿಟ್ಟರೆ ದಾರಿ ಇಲ್ಲ.

‘ಟರ್ಬೊ ಇಲ್ಲದೆ ಕಿವಿ ಹಿಂಡಿ ಶಕ್ತಿ ತೆಗೆಯೋದು ಜರ್ಮನ್ನರ ಗುಣ’ ಅಂತ ಇಷ್ಟರಲ್ಲಿ ಯಾರಾದರೂ ಬರೆದುಕೊಂಡಿದ್ದರೆ ಅಳಿಸಿ. 1999ರ ಹೋಂಡಾ ಎಸ್2000 ಬರೀ 1997 ಸಿಸಿಯಲ್ಲಿ 250 ಪಿಎಸ್ ತೆಗೆಯಿತು, 9000 ಆರ್‌ಪಿಎಂ ತನಕ ಓಡಿತು, ಪಿಸ್ಟನ್ ವೇಗದಲ್ಲಿ ಎಂ3ಯನ್ನೂ ಮೀರಿಸಿತು. ಯಾಕೆ 2000 ಸಿಸಿಯೊಳಗೇ? ಜಪಾನಿನಲ್ಲಿ ವಾಹನ ತೆರಿಗೆ 500 ಸಿಸಿಗೊಂದು ಮೆಟ್ಟಿಲು. ಹಾಸಿಗೆ ಇದ್ದಷ್ಟೇ ಇಟ್ಟುಕೊಂಡು ಕಾಲನ್ನು ಮೇಲಕ್ಕೆ ಚಾಚಿದರು. ಇಲ್ಲಿ ಸಡಿಲ ಜಾಗ ಇಲ್ಲವೇ ಇಲ್ಲ. ಮೇಲಿನ ಗೇರಿಗೆ ಹಾಕಲು ಹೋಗಿ ಕೆಳಗಿನದಕ್ಕೆ ಬಿದ್ದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ರೆವ್ ಲಿಮಿಟರ್ ಏನೂ ಮಾಡಲಾರದು. ಮೊದಲ ಮಾದರಿಗಳಲ್ಲಿ ವಾಲ್ವ್ ಸ್ಪ್ರಿಂಗಿನ ರಿಟೇನರ್ ಬಿರುಕು ಬಿಡುತ್ತದೆ. ಅದು ಅವತ್ತೇ ಗೊತ್ತಾಗುವುದಿಲ್ಲ, ಎಷ್ಟೋ ದಿನದ ಮೇಲೆ ವಾಲ್ವ್ ಒಳಗೆ ಬೀಳುತ್ತದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ ನೋಡುವ ಅಭ್ಯಾಸವೂ ಬೇಕು, ಮೇಲಿನ ಆರ್‌ಪಿಎಂನಲ್ಲಿ ಇದು ಆಯಿಲ್ ಕುಡಿಯುತ್ತದೆ.

ಮಾಜ್ದಾ ಆರ್‌ಎಕ್ಸ್-7 ಎಫ್‌ಡಿ ಇನ್ನೂ ಬೇರೆ ಜಾತಿ. ರೋಟರಿ ಇಂಜಿನ್, ಅಂದರೆ ಪಿಸ್ಟನ್ ಬದಲು ತಿರುಗುವ ತ್ರಿಕೋನದ ರೋಟರ್, ಜೊತೆಗೆ ಎರಡು ಟರ್ಬೊ: ಒಂದು ಕೆಳಗಿನಿಂದಲೇ, ಇನ್ನೊಂದು 4500ರ ಹತ್ತಿರ ಸೇರಿಕೊಳ್ಳುತ್ತದೆ. ಇದನ್ನು ನಡೆಸುವುದು ಬೆರಳಿಗಿಂತ ಸಣ್ಣ ವ್ಯಾಕ್ಯೂಮ್ ಪೈಪುಗಳ ಗೋಜಲು. ವರ್ಷಾನುಗಟ್ಟಲೆ ಟರ್ಬೊ ಕಾವಿನಲ್ಲಿ ಬೆಂದು ಅವು ಗಟ್ಟಿಯಾಗುತ್ತವೆ, ಮುಟ್ಟಿದರೆ ಕೋಡುಬಳೆಯ ಹಾಗೆ ಲಟಕ್ಕನೆ ಮುರಿಯುತ್ತವೆ. ಎರಡನೇ ಟರ್ಬೊ ಬರದಿದ್ದರೆ ಟರ್ಬೊ ಬಿಚ್ಚಬೇಡಿ, ಮೊದಲು ಎಲ್ಲ ಪೈಪು ತೆಗೆದು ಸಿಲಿಕೋನ್‌ದು ಹಾಕಿಸಿ. ಆಯಿಲ್ ಕಮ್ಮಿಯಾಗುವುದು ಕಾಯಿಲೆ ಅಲ್ಲ, ರೋಟರಿನ ಮೂಲೆಗಳಲ್ಲಿರುವ ಅಪೆಕ್ಸ್ ಸೀಲುಗಳಿಗೆ ಬೇಕೆಂದೇ ಆಯಿಲ್ ಪಂಪ್ ಮಾಡುತ್ತದೆ. ಕಂಪ್ರೆಷನ್ ನೋಡಲು ಸಾದಾ ಗೇಜು ಸಾಲದು: ಒಂದು ರೋಟರ್‌ಗೆ ಮೂರು ಮುಖ, ಗೇಜು ಮೂರರಲ್ಲಿ ಹೆಚ್ಚಿನದನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ. ಮೂರನ್ನೂ ಬೇರೆ ಬೇರೆ ಓದುವ ರೋಟರಿ ಟೆಸ್ಟರ್ ಇರುವವರ ಹತ್ತಿರವೇ ಹೋಗಬೇಕು.

ಇನ್ನು ಪೋರ್ಶೆ 911. ಇಂಜಿನ್ನನ್ನು ಹಿಂದಿನ ಆಕ್ಸಲ್ಲಿನ ಆಚೆ ನೇತುಹಾಕುವುದು ಒಳ್ಳೆಯ ಯೋಚನೆ ಅಂತ ಕಾಲೇಜಿನಲ್ಲಿ ಯಾವ ಮೇಷ್ಟ್ರೂ ಹೇಳಿಕೊಡುವುದಿಲ್ಲ. 1963ರಿಂದ ಪೋರ್ಶೆ ಅದನ್ನೇ ತೀಡುತ್ತಾ ಕೂತಿದೆ. ಜಪಾನಿನ ಕಂಪನಿ ಎರಡನೇ ತಲೆಮಾರಿಗೇ ಇಂಜಿನ್ನನ್ನು ನಡುವಿಗೆ ತಂದಿರುತ್ತಿತ್ತು. ಹೋಂಡಾ ಎನ್‌ಎಸ್‌ಎಕ್ಸ್ ಮಾಡಿದಾಗ ಮೊದಲ ದಿನವೇ ಅಲ್ಲಿಟ್ಟಿತು. ಹಳೆಯ 911ನಲ್ಲಿ ತಿರುವಿನ ನಡುವೆ ಹೆದರಿ ಕಾಲು ಎತ್ತಿದಿರೋ, ಭಾರ ಮುಂದಕ್ಕೆ ಬಂದು ಹಿಂಭಾಗ ಲೋಲಕದಂತೆ ಬೀಸುತ್ತದೆ. ನೆಟ್ಟಗಿರುವಾಗಲೇ ಬ್ರೇಕ್ ಮುಗಿಸಿ, ನಿಧಾನ ಒಳಗೆ ಹೋಗಿ, ಬೇಗ ಆಕ್ಸಿಲರೇಟರ್ ಕೊಟ್ಟರೆ ಅದೇ ಭಾರ ಹಿಂದಿನ ಟೈರನ್ನು ನೆಲಕ್ಕೆ ಒತ್ತಿ, ಬೇರೆ ಕಾರು ಚಕ್ರ ಸುತ್ತಿಸುವಲ್ಲಿ ಇದು ಎಗರುತ್ತದೆ. ಕಾರಿಗೆ ತಕ್ಕಂತೆ ನೀವು ಬದಲಾಗಬೇಕು, ಅದು ನಿಮಗಾಗಿ ಬದಲಾಗುವುದಿಲ್ಲ. ನನಗೆ ಜರ್ಮನ್ ಕಾರಿನಲ್ಲಿ ಇಷ್ಟವಾಗುವುದೂ ಸಿಟ್ಟು ಬರಿಸುವುದೂ ಇದೇ.

ಎರಡು ದೇಶಗಳ ಕಾರುಗಳ ನಡುವಿನ ಈ ಗೋಡೆ ಈಗ ಕುಸಿದಿದೆ ಅನ್ನುವುದು ನಿಜ. 2019ರಲ್ಲಿ ಬಂದ ಹೊಸ ಸುಪ್ರಾದ ಬಾನೆಟ್ ಎತ್ತಿದರೆ ಬಿಎಂಡಬ್ಲ್ಯುವಿನ ಬಿ58 ಇಂಜಿನ್, ಕಾರು ತಯಾರಾಗಿದ್ದು ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ, ಬಿಎಂಡಬ್ಲ್ಯು ಜ಼ಡ್4 ಜೊತೆ ಒಂದೇ ಕಾರ್ಖಾನೆಯಲ್ಲಿ. ತಮಾಷೆ ಏನಪ್ಪಾ ಅಂದರೆ ಆ ಜರ್ಮನ್ ಇಂಜಿನ್ನಿನಲ್ಲೇ ಹಳೆಯ 2ಜೆಜೆಡ್‌ನಂಥ ಸಡಿಲ ಜಾಗ ಇದೆ.

ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದು ಇಂಥ ಹಳೆಯ ಕಾರು ಕೊಳ್ಳಲು ಹೊರಟವರಿಗೆ ಇಷ್ಟು: ಜಪಾನಿನ ಕಾರಾದರೆ ‘ಏನೇನು ಬದಲಾಯಿಸಿದ್ದೀರಿ, ಕಳಚಿದ ಮೂಲ ಭಾಗ ಎಲ್ಲಿವೆ’ ಅಂತ ಕೇಳಿ. ಬಿಟ್ಟ ಜಾಗವನ್ನು ಹಿಂದಿನ ಮಾಲೀಕ ಎಷ್ಟು ತಿಂದಿದ್ದಾನೆ ಅನ್ನುವುದೇ ಅಲ್ಲಿ ಪ್ರಶ್ನೆ. ಜರ್ಮನ್ ಕಾರಾದರೆ ಬಿಲ್ಲುಗಳ ಫೈಲು ಕೇಳಿ. ಕೂಲಿಂಗಿನ ಪ್ಲಾಸ್ಟಿಕ್ ಟ್ಯಾಂಕು, ವಾಟರ್ ಪಂಪು, ಥರ್ಮೋಸ್ಟಾಟ್ ಲಕ್ಷ ಕಿಲೋಮೀಟರಿನ ಹೊತ್ತಿಗೆ ಒಟ್ಟಿಗೆ ಬದಲಾಗಿರಬೇಕು. 2000ದಿಂದ 2005ರ ನಡುವಿನ ಪೋರ್ಶೆ ಬಾಕ್ಸ್‌ಟರ್ ಅಥವಾ ಸಾದಾ 996 (ಆ ಕಾಲದ 911) ಆದರೆ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಬದಲಾಗಿದೆಯಾ ನೋಡಿ. ಗೇರ್‌ಬಾಕ್ಸ್ ಇಳಿಸದೆ ಅದು ಕೈಗೆ ಸಿಗುವುದಿಲ್ಲ, ಹಾಗಾಗಿ ಕ್ಲಚ್ ಬಿಲ್ಲಿನ ಜೊತೆಯೇ ಅದೂ ಇರಬೇಕು. ಜಿಟಿ3 ಮತ್ತು ಟರ್ಬೊ ಮಾದರಿಗಳ ಇಂಜಿನ್ ಬೇರೆ, ಅವಕ್ಕೆ ಈ ರೋಗ ಇಲ್ಲ. ಬಿಲ್ಲು ಇಲ್ಲದಿದ್ದರೆ ಆಯಿಲ್ ಫಿಲ್ಟರ್ ತೆಗೆಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹರಡಿ. ಕಂದು ಪ್ಲಾಸ್ಟಿಕ್ ಚೂರು ಕಂಡರೆ ಅದು ಚೈನ್ ಗೈಡಿನದು, ಚೌಕಾಸಿ ಮಾಡಬಹುದು. ಮಿನುಗುವ ಪುಡಿ ಕಂಡರೆ ಆಯಸ್ಕಾಂತ ಹಿಡಿಯಿರಿ. ಅಂಟಿತು ಅಂದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಆ ಕಾರು ಬೇಡ.