‘ರ‍್ಯಾಕ್ ಹೋಗೇತ್ರಿ ಸರ’

ಬನಶಂಕರಿ ಜಾತ್ರೆಗೆ ಹೋಗಿ ಬಂದ ಮೇಲೆ ನಮ್ಮ ಗಾಡಿ ಸದ್ದು ಮಾಡೋಕೆ ಶುರು ಮಾಡಿತು. ಏಳು ಸೀಟಿನ ಡೀಸೆಲ್ ಗಾಡಿ, ಎಂಟು ವರ್ಷದ್ದು. ಏಳು ಸೀಟು ಅಂದರೆ ಜಾತ್ರೆಗೆ ಹತ್ತು ಜನ, ನಿಮಗೇ ಗೊತ್ತಲ್ಲ. ಬಾಗಲಕೋಟೆ ನವನಗರದ ನಮ್ಮ ಮನೆ ಗೇಟಿನೊಳಗೆ ತಿರುಗಿಸುವಾಗ ಎಡಗಡೆಯಿಂದ ‘ಟಣ್’ ಅಂದಿತು. ಸ್ಟೀಲ್ ತಾಟಿಗೆ ಬೆರಳಿನಿಂದ ಹೊಡೆದ ಹಾಗೆ. ನೇರ ಹೋಗುವಾಗ ಏನೂ ಇಲ್ಲ. ಮೊದಲು ಕೇಳಿಸಿದ್ದು ಅವ್ವನಿಗೆ. “ಹಿಂದ ಯಾರೋ ಡಬ್ಬಿ ಬಿಟ್ಟಾರ ನೋಡೋ” ಅಂದಳು.

ಒಂದು ದೊಡ್ಡ ಸರ್ವಿಸ್ ಸೆಂಟರ್‌ಗೆ ಒಯ್ದೆ. ಕಂಪ್ಯೂಟರ್ ಹಚ್ಚಿದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು: “ರ‍್ಯಾಕ್ ಹೋಗೇತ್ರಿ ಸರ. ಪೂರಾ ಅಸೆಂಬ್ಲಿ ಬದಲಿ ಮಾಡ್ಬೇಕಾಗತೈತಿ.” ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸೋ ಹಲ್ಲಿನ ಸರಳು. ಎಸ್ಟಿಮೇಟ್ 38,000 ರೂಪಾಯಿ. ಯಾರೂ ಗಾಡಿ ಓಡಿಸಿ ನೋಡಲಿಲ್ಲ. ಸದ್ದು ಯಾವಾಗ ಬರುತ್ತದೆ ಅಂತ ಒಬ್ಬರೂ ಕೇಳಲಿಲ್ಲ.

ನನ್ನ ಸಿಟ್ಟು ಇರೋದು ಇದರ ಮೇಲೇ. ನಮ್ಮೂರ ಡಾಕ್ಟರು ಹೊಟ್ಟೆ ನೋವು ಅಂದರೆ “ಉಂಡ ಮೇಲೋ, ಉಣ್ಣೋಕಿಂತ ಮೊದಲೋ” ಅಂತ ಕೇಳುತ್ತಾರೆ. ಸ್ಟೀರಿಂಗ್ ಸದ್ದಿಗೂ ಅದೇ ಪ್ರಶ್ನೆ ಬೇಕು. ಇನ್ನೊಂದು ಮಾತು, ಸವೆದ ಬುಶ್, ಲೂಸಾದ ಜಾಯಿಂಟ್ ಕಂಪ್ಯೂಟರಿಗೆ ಕಾಣೋದಿಲ್ಲ. ಅವು ಕಿವಿಗೆ, ಕೈಗೆ ಸಿಗೋ ರೋಗಗಳು.

ತಿರುಗಿಸುವಾಗ ‘ಗೊಂಯ್’ ಅಂತ ಗೋಳಾಡಿದರೆ, ಆಯಿಲ್‌ನಿಂದ ನಡೆಯೋ ಪವರ್ ಸ್ಟೀರಿಂಗ್ ಇರೋ ಗಾಡಿಯಲ್ಲಿ ಮೊದಲು ಆಯಿಲ್ ಮಟ್ಟ ನೋಡಿ. ಆಯಿಲ್ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಆಯಿಲ್‌ನಲ್ಲಿ ನೊರೆ ಕಂಡರೆ ಗಾಳಿ ಸೇರಿದೆ ಅಂತಲೇ. ಸುಮ್ನೆ ಸುರಿದು ತುಂಬಿಸಿದರೆ ಸಾಲದು, ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ‘ಕೀಂವ್’ ಅಂತ ಕಿರುಚಿದರೆ ಬೆಲ್ಟ್ ಮೇಲೆ ಅನುಮಾನ. ಪೂರ್ತಿ ತಿರುಗಿಸಿಕೊಂಡು ಗಾಡಿ ಮುಂದೆ ಹೋಗುವಾಗ ‘ಕಟ ಕಟ ಕಟ’ ಬಂದರೆ ಆಕ್ಸಲ್‌ನ ಹೊರಗಿನ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಬದಿಗೆ ಸಿಡಿದಿರುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ತಿರುಗಿಸದೇ ಇದ್ದರೂ ತಗ್ಗು ದಿಣ್ಣೆಯಲ್ಲಿ ‘ಟಕ್ ಟಕ್’ ಅಂದರೆ ಬಹಳ ಸಲ ಲಿಂಕ್ ರಾಡ್, ಅಂದರೆ ಗಾಡಿ ವಾಲದ ಹಾಗೆ ತಡೆಯೋ ಸರಳನ್ನು ಸಸ್ಪೆನ್ಶನ್‌ಗೆ ಜೋಡಿಸೋ ಸಣ್ಣ ರಾಡು. ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರ್ ಹಿಂದೆ ಹಿಂದೆ ಮುಧೋಳ ಕಡೆ ಓಡಾಡೋರಿಗೆ ಇದು ಹಳೇ ನೆಂಟ. ಸದ್ದು ಚಕ್ರದ ಕಡೆಯಿಂದ ಬರದೆ ಸ್ಟೀರಿಂಗ್ ವೀಲಿನ ಒಳಗೇ ಸರಸರ ಅಂದು, ಹಾರ್ನ್ ಒಮ್ಮೆ ಹೊಡೆದು ಒಮ್ಮೆ ಹೊಡೆಯದಿದ್ದರೆ ಒಳಗಿನ ಸುರುಳಿ ವೈರ್ ಹೋಗಿರಬಹುದು. ಏರ್‌ಬ್ಯಾಗ್ ಕರೆಂಟೂ ಅದರಲ್ಲೇ ಹೋಗೋದು. ಅದನ್ನು ಮನೆಯಲ್ಲಿ ಬಿಚ್ಚೋ ಸಾಹಸ ಬೇಡ.

ನಮ್ಮದು ಇದ್ಯಾವುದೂ ಅಲ್ಲ. ಹಳೇ ಪರಿಚಯದ ಮಿಸ್ತ್ರಿ ಒಬ್ಬರ ಹತ್ತಿರ ಹೋದೆ. ಅವರು ಪಾನಾ ಮುಟ್ಟಲೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆಸಿದರು, ಗೇರ್ ನ್ಯೂಟ್ರಲ್ ಮಾಡಿಸಿದರು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಎಂಜಿನ್ ಚಾಲೂ ಇಟ್ಟು ನನ್ನ ಹೆಂಡತಿಗೆ ನಿಧಾನ ತಿರುಗಿಸೋಕೆ ಹೇಳಿದರು. ನನ್ನ ಅಂಗೈಯನ್ನು ಎಡಗಡೆ ಶಾಕಪ್ ಮೇಲಿನ ಸ್ಪ್ರಿಂಗಿನ ಹೊರಮೈಗೆ ಒತ್ತಿದರು. “ಬೆರಳು ಸಂದಿಗೆ ಹಾಕಬ್ಯಾಡ್ರಿ, ಮ್ಯಾಲೆ ಇಡ್ರಿ ಅಷ್ಟ.” ಸ್ಟೀರಿಂಗ್ ಅರ್ಧ ಸುತ್ತು ಬರುವವರೆಗೆ ಸ್ಪ್ರಿಂಗ್ ಜಾಗದಲ್ಲೇ ಬಿಗಿಯಾಗಿ ನಿಂತಿತ್ತು. ಆಮೇಲೆ ಒಮ್ಮೆಲೇ ಅಂಗೈ ಕೆಳಗೆ ಜಿಗಿಯಿತು. ಟಣ್! ಬಲಗಡೆ ಅದೇ ಕೈ ಇಟ್ಟರೆ ಬೆಣ್ಣೆ ಹಾಗೆ ತಿರುಗಿತು.

ಸ್ಪ್ರಿಂಗಿನ ಮೇಲ್ತುದಿಯಲ್ಲಿ ಒಂದು ಬೇರಿಂಗ್ ಇರುತ್ತದೆ. ಚಕ್ರ ತಿರುಗಿದಾಗ ಸ್ಪ್ರಿಂಗ್ ಸರಾಗ ತಿರುಗಲಿ ಅಂತ. ಅದು ಹಿಡಿದುಕೊಂಡರೆ ಸ್ಪ್ರಿಂಗ್ ಹಿಂಡಿದ ಬಟ್ಟೆ ಹಾಗೆ ತಿರುಚಿಕೊಳ್ಳುತ್ತದೆ, ತಡೆಯೋಕಾಗದೆ ಬಿಡಿಸಿಕೊಳ್ಳುತ್ತದೆ. ಬಿಚ್ಚಿದ ಬೇರಿಂಗನ್ನು ಕೈಯಲ್ಲಿ ತಿರುಗಿಸಿದೆ. ಗಿರಣಿಯಲ್ಲಿ ಮರಳು ಹಾಕಿದ ಹಾಗೆ ಕರಕರ. ಗ್ರೀಸ್ ಇರಬೇಕಾದ ಜಾಗದಲ್ಲಿ ತುಕ್ಕು, ನಮ್ಮ ಎರೆಮಣ್ಣಿನ ಧೂಳು. ಎರಡೂ ಕಡೆ ಬೇರಿಂಗ್, ಮೇಲಿನ ರಬ್ಬರ್ ಮೌಂಟ್, ಮಜೂರಿ, ಅಲೈನ್‌ಮೆಂಟ್ ಎಲ್ಲಾ ಸೇರಿ 6,400 ರೂಪಾಯಿ ಆಯ್ತು.

ರ‍್ಯಾಕ್ ಹೋಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಹೋಗುತ್ತದೆ. ಆದರೆ ತೋರಿಸೋಕೆ ಹೇಳಿ. ರ‍್ಯಾಕಿನ ತುದಿಯ ರಬ್ಬರ್ ಬೂಟ್ ಒಳಗೆ ಆಯಿಲ್ ತುಂಬಿದೆಯಾ? ಟೈ ರಾಡ್ (ರ‍್ಯಾಕನ್ನು ಚಕ್ರಕ್ಕೆ ಜೋಡಿಸೋ ಸರಳು) ಗಟ್ಟಿಯಿದ್ದೂ ರ‍್ಯಾಕ್‌ನಲ್ಲೇ ಪ್ಲೇ, ಅಂದರೆ ಸಡಿಲ ಅಲುಗಾಟ, ಇದೆಯಾ? ಚಕ್ರ ಎತ್ತಿಸಿ, ಕೆಳಗೆ ಸ್ಟ್ಯಾಂಡ್ ಕೊಡಿಸಿ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ ಟೈ ರಾಡ್ ಕಡೆಯ ಲೂಸು ಗೊತ್ತಾಗುತ್ತದೆ. 12 ಮತ್ತು 6ರಲ್ಲಿ ಅಲುಗಾಡಿದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಶನ್‌ಗೆ ಹಿಡಿಯೋ ಗುಂಡಿನ ಕೀಲು) ಅಥವಾ ವೀಲ್ ಬೇರಿಂಗ್. ಟೈ ರಾಡ್, ಬಾಲ್ ಜಾಯಿಂಟ್‌ನಲ್ಲಿ ಪ್ಲೇ ಕಂಡರೆ ಮಾತ್ರ ಚೌಕಾಶಿ ಬೇಡ. ಅವತ್ತೇ ಹಾಕಿಸಿ. ಅದು ಕಳಚಿದರೆ ಚಕ್ರ ನಿಮ್ಮ ಮಾತು ಕೇಳೋದಿಲ್ಲ.

ನನ್ನದೂ ತಪ್ಪಿತ್ತು ಅನ್ನಿ. ಗೇಟ್ ಸಣ್ಣದು ಅಂತ ನಿಂತಲ್ಲೇ ನಿಂತು ಸ್ಟೀರಿಂಗನ್ನು ಕೊನೆವರೆಗೆ ತಿರುಗಿಸಿ ಹಿಡಿಯೋ ಚಟ ನನಗೆ. ಹಾಗೆ ಮಾಡಿದರೆ ಪಂಪಿಗೂ ಬೆಲ್ಟಿಗೂ ಜಾಸ್ತಿ ಭಾರ. ಈಗ ಗಾಡಿ ಸ್ವಲ್ಪ ಉರುಳೋಕೆ ಬಿಟ್ಟು ತಿರುಗಿಸುತ್ತೇನೆ.

ಟಣ್ ನಿಂತು ಎರಡು ತಿಂಗಳಾಯ್ತು. ಮೊನ್ನೆ ಗಾಡಿ ತೊಳೆಯುವಾಗ ಮೂರನೇ ಸಾಲಿನ ಸೀಟಿನ ಕೆಳಗೆ ಜಾತ್ರೆಗೆ ಒಯ್ದಿದ್ದ ಶೇಂಗಾ ಚಟ್ನಿ ಡಬ್ಬಿನೂ ಸಿಕ್ತು. ಅವ್ವನಿಗೆ ಇನ್ನೂ ಹೇಳಿಲ್ಲ.