75 ಮೈಕ್ರೋಗ್ರಾಮಿನ ದರ್ಬಾರು

ಇಂದು ಬೆಳಿಗ್ಗೆ ನಮ್ಮ ಯಜಮಾನರು ಮಾಡಿದ ಉಪಕಾರದಿಂದ ನಾನು ಮಧ್ಯಾಹ್ನವಾದರೂ ಚೇತರಿಸಿಕೊಂಡಿಲ್ಲ. ನಾನಿನ್ನೂ ಅರೆನಿದ್ದೆಯಲ್ಲಿರುವಾಗಲೇ ಒಂದು ಕೈಯಲ್ಲಿ ಹಬೆಯಾಡುವ ಕಾಫಿ, ಇನ್ನೊಂದು ಕೈಯಲ್ಲಿ ಪುಟ್ಟ ಬಟ್ಟಲು ಹಿಡಿದು ಬಂದರು. ಬಟ್ಟಲಿನಲ್ಲಿ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ. “ಎಲ್ಲವನ್ನೂ ಒಟ್ಟಿಗೇ ನುಂಗಿಬಿಡು, ಆಮೇಲೆ ದಿನವಿಡೀ ನಿಶ್ಚಿಂತೆ” ಎಂದರು. ನನ್ನ ಕಣ್ಣು ಪೂರ್ತಿ ತೆರೆಯುವಷ್ಟರಲ್ಲಿ ಮೂರೂ ಮಾತ್ರೆ ಒಳಗೆ ಹೋಗಿದ್ದವು, ಕಾಫಿಯೂ ಅರ್ಧ ಹೋಗಿತ್ತು. ಆಮೇಲೆ ಬುದ್ಧಿ ಬಂತು.

ಥೈರಾಯ್ಡ್ ಮಾತ್ರೆಯ ಸಹವಾಸ ಇರುವವರಿಗೆ ಇದು ಎಂಥ ಅನಾಹುತವೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಬರಿಹೊಟ್ಟೆಯಲ್ಲಿ, ಬರಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯ ತನಕ ಕಾಫಿ ತಿಂಡಿಗಳ ಕಡೆ ತಲೆಹಾಕದೆ ಕೂರಬೇಕು. ಕ್ಯಾಲ್ಸಿಯಂ, ಕಬ್ಬಿಣಗಳಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಹೊಟ್ಟೆಯಲ್ಲಿ ಎದುರಾದರೆ ಅವು ಅದನ್ನು ಹಿಡಿದು ಕಟ್ಟಿಹಾಕಿ ರಕ್ತಕ್ಕೆ ಸೇರಗೊಡುವುದಿಲ್ಲವಾದ್ದರಿಂದ ನಡುವೆ ಕನಿಷ್ಠ 4 ಗಂಟೆಗಳ ಅಂತರ ಬೇಕು. ನನ್ನ ಥೈರಾಯ್ಡ್ ಮಾತ್ರೆಯಲ್ಲಿರುವ ಔಷಧ 75 ಮೈಕ್ರೋಗ್ರಾಂ. ಕ್ಯಾಲ್ಸಿಯಂ ಮಾತ್ರೆಯಲ್ಲಿರುವುದು 500 ಮಿಲಿಗ್ರಾಂ, ಅಂದರೆ 6,000 ಪಟ್ಟಿಗೂ ಮಿಗಿಲು. ಗಂಟಲಲ್ಲಿ ಸಿಕ್ಕಿಕೊಂಡು ಪ್ರಾಣ ತಿನ್ನುವ ಆ ದೈತ್ಯನಿಗೆ ಊಟದ ಜೊತೆ ಒಂದು ಜಾಗ ಕೊಟ್ಟರೆ ಸಾಕು, ತೆಪ್ಪಗಿರುತ್ತಾನೆ. ಬೆರಳ ತುದಿಗೆ ಅಂಟಿಕೊಂಡು ಬರುವ ಈ ಚೋಟುದ್ದದ್ದು ಮಾತ್ರ ಮನೆಯ ಗಡಿಯಾರವನ್ನೇ ಆಳುತ್ತದೆ.

ಹೀಗಾಗಿ ನನ್ನ ದಿನಚರಿಯು ಒಂದೇ ಹಳಿಯ ಮೇಲೆ ಓಡುವ ರೈಲುಗಳ ವೇಳಾಪಟ್ಟಿಯಂತಾಗಿದೆ. 6 ಗಂಟೆಗೆ ಥೈರಾಯ್ಡ್, 7ಕ್ಕೆ ಕಾಫಿ, ಮಧ್ಯಾಹ್ನದ ಊಟದೊಂದಿಗೆ ಕ್ಯಾಲ್ಸಿಯಂ. ಕಬ್ಬಿಣಕ್ಕೋ, ಕ್ಯಾಲ್ಸಿಯಂ ಜೊತೆಗೂ ಆಗಿಬರುವುದಿಲ್ಲ, ಚಹಾ ಕಾಫಿಗಳ ಜೊತೆಗೂ ಆಗಿಬರುವುದಿಲ್ಲ. ಅದಕ್ಕೊಂದು ಹೊತ್ತು ಹುಡುಕುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವ ಮುನ್ನವೂ ಥೈರಾಯ್ಡ್ ಮಾತ್ರೆಯನ್ನು ನುಂಗಬಹುದೆಂದು ವೈದ್ಯರು ಒಂದು ಉಪಾಯ ಹೇಳಿದ್ದರು. ಊಟ ಮುಗಿದ ಅರ್ಧ ಗಂಟೆಗೇ ಕೂತಲ್ಲಿ ತೂಕಡಿಸುವ ನನ್ನನ್ನು ಅವರು ಕಂಡಿಲ್ಲ. ಇದಕ್ಕೆ ಭಾನುವಾರದ ಬಿಡುವೂ ಇಲ್ಲ. ಅಮೆರಿಕದ ಎಡ್ವರ್ಡ್ ಕೆಂಡಲ್ ಈ ಮಾತ್ರೆಯ ಔಷಧವಾದ ಥೈರಾಕ್ಸಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದು 1914ರ ಡಿಸೆಂಬರ್ 25ರಂದು. ಕ್ರಿಸ್‌ಮಸ್ ದಿನವೂ ಪ್ರಯೋಗಾಲಯ ಬಿಡದ ಮನುಷ್ಯನ ಕೈಯಲ್ಲಿ ಹುಟ್ಟಿದ ವಸ್ತು ನಮಗೆ ರಜೆ ಕೊಟ್ಟೀತೆ?

ಇನ್ನು ಯಜಮಾನರ ವಿಷಯ. ಬಿಡಿ ಬಿಡಿಯಾದ ಕೆಲಸಗಳನ್ನು ಕಂಡರೆ ಅವರಿಗೆ ಆಗದು. ಒಂದು ಕೆಲಸಕ್ಕೆ ಎರಡು ಸಲ ಏಳುವುದನ್ನು ಅವರು ಅವಮಾನವೆಂದೇ ಭಾವಿಸಿದ್ದಾರೆ. ಸಾಮಾನು ತಂದ ದಿನ ಏಳು ಚೀಲಗಳನ್ನೂ ಒಮ್ಮೆಗೇ ಹೊತ್ತು, ಒಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾಗಿಲನ್ನು ಮೊಣಕೈಯಿಂದ ತಳ್ಳುತ್ತ ಮೆಟ್ಟಿಲೇರುತ್ತಾರೆ. ನಾನು ಮಾತ್ರೆ ನುಂಗಿ ಕಾಯುವ ಆ ಒಂದು ಗಂಟೆ ನನಗಿಂತ ಹೆಚ್ಚಾಗಿ ಅವರನ್ನು ಕಾಡುತ್ತದೆ. ಕಾಫಿಯನ್ನು ಎರಡು ಸಲ ಮಾಡುವುದುಂಟೇ ಎಂಬ ಸಂಕಟಕ್ಕೆ ಇಬ್ಬರದನ್ನೂ ಒಟ್ಟಿಗೇ ಮಾಡಿ, ನನ್ನದಕ್ಕೆ ತಟ್ಟೆ ಮುಚ್ಚಿ, ತಮ್ಮದನ್ನು ನನ್ನೆದುರೇ ಕೂತು ಸೊರ್ರನೆ ಹೀರುತ್ತ, ಹತ್ತು ಹತ್ತು ನಿಮಿಷಕ್ಕೊಮ್ಮೆ “ಆಯಿತೇ?” ಎಂದು ಕೇಳುತ್ತಾರೆ. ಆಗುವ ಹೊತ್ತಿಗೆ ನನ್ನ ಕಾಫಿ ಕೆನೆಗಟ್ಟಿರುತ್ತದೆ.

ಇಂದು ನಾನು ಕೂಗಾಡಿದಾಗ ಅವರು ಕೊಟ್ಟ ಸಮಜಾಯಿಷಿ ಇಷ್ಟು: “ಹೋಗುವ ದಾರಿ ಒಂದೇ, ಹೊಟ್ಟೆಯೂ ಒಂದೇ. ಒಟ್ಟಿಗೆ ಹೋದರೇನು, ಒಂದೊಂದಾಗಿ ಹೋದರೇನು?”

“ಮೊನ್ನೆ ನೀವು ಏಳು ಚೀಲ ಒಟ್ಟಿಗೆ ಹೊತ್ತಿರಲ್ಲ, ಎಷ್ಟು ಮೇಲೆ ತಲುಪಿದವು?” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಆರು ತಲುಪಿದವು” ಎಂದರು.

ಇನ್ನೊಂದು ಮಾತ್ರೆ ನುಂಗಬೇಕೇ ಎಂದು ವೈದ್ಯರಿಗೆ ಫೋನು ಮಾಡಿದೆ. ಬೇಡವಂತೆ. ಈ ಔಷಧ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕಾಗುವುದರಿಂದ ಒಂದು ದಿನದ ಎಡವಟ್ಟು ಲೆಕ್ಕಕ್ಕಿಲ್ಲವಂತೆ. ದಿನವೂ ಹೀಗೆಯೇ ಮಾಡಿದರೆ ಮಾತ್ರ ತೊಂದರೆಯಂತೆ. ಇದನ್ನು ಕೇಳಿ ನನ್ನ ಸಿಟ್ಟು ಇಮ್ಮಡಿಯಾಯಿತು. ಒಂದು ಜಗಳಕ್ಕೆ ಬೇಕಾದಷ್ಟು ಹಾನಿಯೂ ಆಗಿರಲಿಲ್ಲ.

ದಿನವೂ ಹೀಗೆಯೇ ಮಾಡಿದವಳು ನನ್ನ ಅಮ್ಮ. ವರ್ಷಗಟ್ಟಲೆ ಅವಳು ಈ ಮಾತ್ರೆಯನ್ನು ಬೆಳಗಿನ ಕಾಫಿಯ ಮೊದಲ ಗುಟುಕಿನೊಂದಿಗೇ ನುಂಗಿದಳು. ರಕ್ತಪರೀಕ್ಷೆಯಲ್ಲಿ, ಥೈರಾಕ್ಸಿನ್ ಸಾಲದಿದ್ದಾಗ ಏರುವ ಟಿಎಸ್‌ಎಚ್ ಇಳಿಯುತ್ತಿರಲಿಲ್ಲ, ಮಾತ್ರೆ 50ರಿಂದ 75ಕ್ಕೆ, 75ರಿಂದ 100ಕ್ಕೆ ಏರುತ್ತಲೇ ಹೋಯಿತು. ಏತರ ಜೊತೆ ನುಂಗುತ್ತೀರಿ ಎಂದು ಯಾರೂ ಕೇಳಲಿಲ್ಲ, ಅದು ಹೇಳುವ ಸಂಗತಿಯೆಂದು ಅವಳಿಗೂ ಅನ್ನಿಸಲಿಲ್ಲ. ಬೇಸಿಗೆಯಲ್ಲೂ ಹೊದಿಕೆ ಹೊದ್ದು ಕೂರುತ್ತಿದ್ದ ಅವಳನ್ನು ಸೋಮಾರಿಯೆಂದು ನಾವೆಲ್ಲ ಗೇಲಿ ಮಾಡಿದ್ದುಂಟು. 6ರಿಂದ 7ರ ತನಕ ಬರಿದೇ ಗಡಿಯಾರ ನೋಡುತ್ತ ಕೂತಾಗ ನನಗೆ ಆ ಹೊದಿಕೆಯ ಸವೆದ ಅಂಚು ಕಣ್ಣಮುಂದೆ ಬರುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಯಜಮಾನರು ಹೊರಗೆ ಹೋಗಿ ಬಂದರು. ಪಶ್ಚಾತ್ತಾಪವಾಗಿರಬೇಕು, ಏಳು ಖಾನೆಗಳ ಮಾತ್ರೆ ಡಬ್ಬಿಯೊಂದನ್ನು ಕೊಂಡು ತಂದಿದ್ದಾರೆ. ದಿನಕ್ಕೊಂದು ಖಾನೆ, ಖಾನೆಗೊಂದು ಮುಚ್ಚಳ, ಮುಚ್ಚಳದ ಮೇಲೆ ವಾರದ ಹೆಸರು. “ನಿನಗೆ ಕಷ್ಟವಾಗದಿರಲೆಂದು ನಾನೇ ತುಂಬಿಸಿದ್ದೇನೆ” ಎಂದರು. ಸೋಮವಾರದ ಮುಚ್ಚಳ ತೆರೆದೆ. ಥೈರಾಯ್ಡ್, ಕ್ಯಾಲ್ಸಿಯಂ, ಕಬ್ಬಿಣ ಮೂರೂ ಒಂದೇ ಚಾಪೆಯ ಮಕ್ಕಳಂತೆ ಒಂದರ ಮೇಲೊಂದು ಕಾಲು ಹಾಕಿ ಮಲಗಿದ್ದವು. ಮಂಗಳವಾರವೂ ಹಾಗೆಯೇ, ಬುಧವಾರವೂ ಹಾಗೆಯೇ.

ಈಗ 21 ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿದುಕೊಂಡು ಬೇರ್ಪಡಿಸುತ್ತಿದ್ದೇನೆ. ಯಜಮಾನರು ಪಕ್ಕದಲ್ಲಿ ನಿಂತು, ಹಾಗೆ ಎಲ್ಲವನ್ನೂ ಒಟ್ಟಿಗೆ ಸುರಿಯಬಾರದು, ಒಂದೊಂದಾಗಿ ತೆಗೆಯಬೇಕು, ಇಲ್ಲದಿದ್ದರೆ ಉರುಳಿಹೋಗುತ್ತವೆ ಎಂದು ಹೇಳಿಕೊಡುತ್ತಿದ್ದಾರೆ.